ದುರುಗಣ್ಣನ ಪಾಳಿ

ಹೋದ ತಿಂಗಳು ಹರಪನಹಳ್ಳಿಯಿಂದ ಕೊಟ್ಟೂರಿಗೆ ಬರುವ ಬಸ್ಸಿನಲ್ಲಿ ನನ್ನ ಬಲಗೈ ನನ್ನ ಮಾತು ಕೇಳದೆ ಪಕ್ಕದವರ ಮೊಣಕಾಲಿನ ಕಡೆ ಹೊರಟಿತ್ತು. ಪುಣ್ಯಕ್ಕೆ ಅರ್ಧದಾರಿಯಲ್ಲೇ ಹಿಡಿದು ನಿಲ್ಲಿಸಿದೆ. ಪಕ್ಕದಲ್ಲಿ ಕೂತಿದ್ದವಳು ಎಲೆ ಅಡಿಕೆ ಜಗಿಯುತ್ತಿದ್ದ ಒಬ್ಬ ಅಜ್ಜಿ. ಅವಳು ಕೈಯೆತ್ತಿದ್ದರೆ ಕಂಡಕ್ಟರ್ ಸಮೇತ ಇಡೀ ಬಸ್ಸು ಅವಳ ಪರ ನಿಲ್ಲುತ್ತಿತ್ತು.

ತಪ್ಪು ಕೈಯದಲ್ಲ, ಮೂಗಿನದು. ಅಜ್ಜಿಯ ಚೀಲದೊಳಗೆ ಯಾವುದೋ ಬಾಟಲಿಯ ಬಿರಡೆ ಸಡಿಲವಾಗಿತ್ತು. ಬೆಳ್ಳುಳ್ಳಿ, ಕರ್ಪೂರ ಹಾಕಿ ಕಾಸಿದ ಹರಳೆಣ್ಣೆ. ಆ ವಾಸನೆ ಬಂದರೆ ಸಾಕು, ನನ್ನ ಕೈ ತಾನಾಗಿಯೇ ಒಂದು ಮೊಣಕಾಲನ್ನು ಹುಡುಕಲು ಶುರುಮಾಡುತ್ತದೆ. ಒಂದು ಆಷಾಢದಲ್ಲಿ ಅದಕ್ಕೆ ಅದೇ ಕೆಲಸವಿತ್ತು.

"ಯಜ್ಜಿ, ಈ ಎಣ್ಣಿ ಯಾರು ಮಾಡಿಕೊಟ್ರು?"

"ನಮ್ಮೂರಾಗ ಬಾಲ್ ದುರುಗಪ್ಪ ಅಂತ ಅದಾನಪ್ಪ. ಅವ ಹೇಳಿಕೊಟ್ಟಿದ್ದು. ನಮ್ ಯಜಮಾನ್ರ ಮೊಣಕಾಲಿಗೆ."

"ಉಚ್ಚಂಗಿದುರ್ಗದವ್ರೇನು ನೀವು? ದುರುಗಣ್ಣ ಅರಾಮ ಅದಾನಾ?"

"ಅವನಿಗೇನಾಗೈತಿ! ಮೊನ್ನಿ ಮೊಮ್ಮಗಳ ಮದಿವ್ಯಾಗ ಮೊದಲ್ನೇ ಪಂಕ್ತಿಗೆ ಕುಂತವ, ಎರಡನೇ ಪಂಕ್ತಿ ಎದ್ದ ಮ್ಯಾಲೂ ಕುಂತಿದ್ದ."

ಆಗ ಖಾತ್ರಿಯಾಯಿತು. ಅವನೇ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಆಷಾಢ ಅದು. ನನಗೆ ಮೀಸೆ ಬರಬೇಕಾದ ವಯಸ್ಸು. ಮೀಸೆ ಬಂದಿರಲಿಲ್ಲ, ಬಿ.ಎ. ಮೊದಲ ವರ್ಷ ಮಾತ್ರ ಎರಡನೇ ಸಲ ಬಂದಿತ್ತು. ನಮ್ಮ ಕಡೆ ಆಷಾಢ ಅಂದರೆ ಮಳೆಯಲ್ಲ, ಗಾಳಿ. ಮೋಡ ಕೊಟ್ಟೂರಿನ ಮೇಲೆ ಬಂದು ನಿಂತು, ಊರನ್ನು ಒಮ್ಮೆ ನೋಡಿ, ಇಲ್ಲಿ ಬೇಡ ಅಂತ ಮುಂದಕ್ಕೆ ಹೋಗಿಬಿಡುತ್ತದೆ. ಅದನ್ನು ಅಟ್ಟಿಸಿಕೊಂಡು ಬಂದ ಗಾಳಿ ಮಾತ್ರ ನಮ್ಮಲ್ಲೇ ಬಿಡಾರ ಹೂಡುತ್ತದೆ. ಹಗ್ಗದ ಮೇಲೆ ಒಣಹಾಕಿದ ಪಂಚೆ ಪಕ್ಕದ ಓಣಿಯಲ್ಲಿ ಸಿಗುತ್ತಿತ್ತು. ಶೇಂಗಾ ಬಿತ್ತಿ ಮುಗಿದಿರುತ್ತಿತ್ತು, ಕಳೆ ತೆಗೆಯಲು ಇನ್ನೂ ಹೊತ್ತಿರುತ್ತಿತ್ತು. ಆ ನಡುವಿನ ಬಿಡುವೇ ನಮ್ಮ ವಾಲಿಬಾಲ್ ಕಾಲ.

ಆಟ ಸಂತೆಬಯಲಿನಲ್ಲಿ. ಗೆರೆಯನ್ನು ಒಲೆಯ ಬೂದಿಯಿಂದ ಎಳೆಯುತ್ತಿದ್ದೆವು. ಆಟ ಮುಗಿಯುವಷ್ಟರಲ್ಲಿ ಗಾಳಿ ಆ ಗೆರೆಯನ್ನು ಎತ್ತಿಕೊಂಡು ಹೋಗಿ ನೋಡುತ್ತ ನಿಂತವರ ಕಣ್ಣಿಗೆ ಹಾಕಿರುತ್ತಿತ್ತು. ಬಾಲ್ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬ ಜಗಳದಲ್ಲಿ ಸಾಕ್ಷಿ ಹೇಳಬೇಕಾದವರೆಲ್ಲ ಕಣ್ಣುಜ್ಜುತ್ತ ನಿಂತಿರುತ್ತಿದ್ದರು.

ಟೀಮಿನ ಕ್ಯಾಪ್ಟನ್ ಸಿದ್ದೇಶಣ್ಣ, ದಲಾಲಿ ಅಂಗಡಿಯ ಗುಮಾಸ್ತ. ಬಾಲನ್ನು ಹೊಡೆಯುವುದರಲ್ಲಿ ನಮ್ಮ ಸೀಮೆಗೇ ಎತ್ತಿದ ಕೈ. ಹಿಂದಿನ ಸಾಲಿನಲ್ಲಿ ನಮ್ಮ ನಾಗಪ್ಪ ಕಾಕ, ಅಂದರೆ ನಮ್ಮಪ್ಪನ ತಮ್ಮ. ಟೇಲರ್. ನಮ್ಮದು ಕೂಡುಕುಟುಂಬ. ನನ್ನ ಕಾಲೇಜಿನ ಫೀಸು, ನನ್ನ ಅಂಗಿ, ಅಂಗಿಯೊಳಗಿನ ನಾನು ಎಲ್ಲವೂ ಕಾಕನ ಹೊಲಿಗೆ ಮಷಿನ್ನಿನಿಂದ ಬಂದದ್ದು. ಉಳಿದವರಲ್ಲಿ ಇಬ್ಬರು ಕೊಟ್ರೇಶರು. ನನ್ನ ಹೆಸರೂ ಕೊಟ್ರೇಶ. ಕೊಟ್ಟೂರಿನಲ್ಲಿ ಕಲ್ಲೆಸೆದರೆ ಒಬ್ಬ ಕೊಟ್ರೇಶನಿಗೆ ತಾಗಿ ಇನ್ನೊಬ್ಬ ಕೊಟ್ರೇಶನ ಮೇಲೆ ಬೀಳುತ್ತದೆ. ಆರು ಜನ ಆಡುವ ಆಟದಲ್ಲಿ ನಾನು ಏಳನೆಯವ. ಚರಂಡಿಗೆ ಬಿದ್ದ ಬಾಲ್ ತಂದು ತೊಳೆಯುವುದು ನನ್ನ ಸ್ಥಾನ. ಆ ಸ್ಥಾನದಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ.

ಆರನೆಯವನು ದುರುಗಣ್ಣ. ನಮ್ಮೂರಿನವನಲ್ಲ. ದಾವಣಗೆರೆಯ ಒಂದು ಮಿಲ್ಲಿನ ಟೀಮಿನಲ್ಲಿ ಆಡಿ, ವಯಸ್ಸಾದ ಮೇಲೆ ಉಚ್ಚಂಗಿದುರ್ಗದ ತನ್ನ ಹೊಲಕ್ಕೆ ಮರಳಿದವನು. ನಲವತ್ತು ದಾಟಿತ್ತು. ಹೊಟ್ಟೆ ಅವನಿಗಿಂತ ಒಂದು ಹೆಜ್ಜೆ ಮುಂದೆ ಬಂದು ನಮಸ್ಕಾರ ಹೇಳುತ್ತಿತ್ತು. ಎದುರಿನವರು ಸರ್ವಿಸ್ ಮಾಡಿದ ಬಾಲನ್ನು ತಗೊಂಡು ಮೇಲಕ್ಕೆತ್ತಿ ಕೊಡುವುದು ಅವನ ಕೆಲಸ. ಅವನು ಹಾರುತ್ತಿರಲಿಲ್ಲ, ಓಡುತ್ತಿರಲಿಲ್ಲ, ಬಾಗುವುದಕ್ಕೂ ಮೊದಲು ಯೋಚನೆ ಮಾಡುತ್ತಿದ್ದ. ನಾವೆಲ್ಲ ಬರಿಗಾಲು, ಅವನಿಗೆ ಮಾತ್ರ ಬಿಳಿ ಕ್ಯಾನ್ವಾಸ್ ಬೂಟು, ಅದೂ ನಾವೇ ಕೊಡಿಸಿದ್ದು.

ಬೂಟು ಬಿಡ್ರಿ. ಅವನು ನಮ್ಮ ಟೀಮಿಗೆ ದುಬಾರಿಯಾದದ್ದು ಊಟದಲ್ಲಿ. ಅವನು ಬಂದ ದಿನ ಒಬ್ಬೊಬ್ಬ ಆಟಗಾರನ ಮನೆಯಲ್ಲಿ ಪಾಳಿ ಪ್ರಕಾರ ಊಟ ಅಂತ ಕರಾರಾಗಿತ್ತು. ತಿನ್ನುವವರ ಮನೆಯಲ್ಲಿ ಕೋಳಿ, ತಿನ್ನದವರ ಮನೆಯಲ್ಲಿ ಹೋಳಿಗೆ ತುಪ್ಪ. ಮೊದಮೊದಲು ಇದು ಗೌರವವಾಗಿತ್ತು. ಆಷಾಢ ಅರ್ಧ ಮುಗಿಯುವಷ್ಟರಲ್ಲಿ ನಮ್ಮ ಓಣಿಯ ಕೋಳಿಗಳು ಬಿಳಿ ಬೂಟು ಕಂಡರೆ ಮಾಳಿಗೆ ಹತ್ತಲು ಶುರುಮಾಡಿದವು. ಸಿದ್ದೇಶಣ್ಣನ ಮನೆಯಲ್ಲಿ ತುಪ್ಪದ ಗಡಿಗೆಯನ್ನು ದೇವರ ಗೂಡಿನ ಹಿಂದಕ್ಕೆ ಸರಿಸಿದರು.

ಮೊದಲು ದಂಗೆಯೆದ್ದವಳು ನಮ್ಮವ್ವ.

"ಲೇ ಕೊಟ್ರಾ, ಅವ ಆಡೋದಾದ್ರೂ ಏನಲೇ? ಮೊನ್ನಿ ನಾನೂ ಸಂತ್ಯಾಗ ನಿಂತು ನೋಡಿದ್ನಿ. ಕಂಬ ನೆಟ್ಟಂಗ ನಿಂತಿದ್ದ."

"ಯವ್ವಾ, ಬಾಲ್ ತಗೊಳ್ಳಾದ್ರಾಗ ಅವ ಹುಲಿ ಅಂತಾರ."

"ಬಾಲ್ ಬಿಟ್ಟಾನೋ ಇಲ್ಲೋ ನಾ ಕಾಣೆ. ತಾಟಿಗೆ ಬಂದಿದ್ದಂತೂ ಒಂದೂ ಬಿಟ್ಟಿಲ್ಲ. ತತ್ತಿ ಇಡೋ ಕೋಳಿ ಅದು! ನಿಮ್ಮ ಕಾಕನ್ನ ಕೇಳು, ಇನ್ನೊಂದು ಪಾಳಿ ಬಂದ್ರ ನನ್ನನ್ನ ಕೊಯ್ಯಬೇಕು."

ಕಾಕ ತಲೆಯೆತ್ತದೆ ರೊಟ್ಟಿ ಮುರಿಯುತ್ತಿದ್ದ. ನಮ್ಮ ಮನೆಯಲ್ಲಿ ಕಾಕನಿಗೆ ಎದುರು ಮಾತಿಲ್ಲ. ಕಾಕನೂ ನಮಗೆ ಹೆಚ್ಚು ಮಾತು ಕೊಡುತ್ತಿರಲಿಲ್ಲ. ಕೋಳಿ ಸಾರಿನ ದಿನ ಕಾಲಿನ ತುಂಡು ಯಾರೂ ಹೇಳದೆ ಕಾಕನ ತಾಟಿಗೆ ಹೋಗುತ್ತಿತ್ತು, ಕಾಕ ಏನೂ ಹೇಳದೆ ತಿನ್ನುತ್ತಿದ್ದ. ಅದು ನಮ್ಮ ಮನೆಯ ಕಾನೂನು.

ಅವ್ವನ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಸಿಕ್ಕಿಕೊಂಡಿತು. ನಿಜಕ್ಕೂ ಅವನು ಮಾಡುವುದಾದರೂ ಏನು? ಅವನಿದ್ದ ದಿನ ನಾವು ಗೆಲ್ಲುತ್ತಿದ್ದೆವು, ಬಸ್ಸು ತಪ್ಪಿಸಿಕೊಂಡ ದಿನ ಸೋಲುತ್ತಿದ್ದೆವು. ಅವನು ಹಾರದೆ, ಓಡದೆ, ಬಾಗದೆ ಅದು ಹೇಗೆ?

ಇದನ್ನು ಕಂಡುಹಿಡಿಯಲು ನನಗಿಂತ ಅನುಕೂಲ ಇದ್ದವರಿಲ್ಲ. ಬಸ್‌ಸ್ಟ್ಯಾಂಡಿನಿಂದ ಅವನನ್ನು ಕರೆತರುವುದು, ಬೇವಿನ ಮರದಡಿ ಕೂರಿಸಿ ಮೊಣಕಾಲಿಗೆ ಆ ಎಣ್ಣೆ ತಿಕ್ಕುವುದು ನನ್ನ ಪಾಲಿಗೆ ಬಂದಿತ್ತು. ಎಡಮೊಣಕಾಲು ಕೆಟ್ಟಿತ್ತು. ಮಡಿಸಿದರೆ ಹಳೇ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ತಿಕ್ಕುತ್ತ ತಿಕ್ಕುತ್ತ ನಾನು ಪತ್ತೇದಾರಿಕೆ ಮಾಡುತ್ತಿದ್ದೆ.

"ದುರುಗಣ್ಣಾ, ಬಾಲ್ ಎಲ್ಲಿ ಬೀಳ್ತೈತಿ ಅಂತ ನಿನಗ ಹೆಂಗ ಗೊತ್ತಾಗತೈತಿ?"

"ದುರುಗ ಅಂದ್ರ ಏನಂತ ತಿಳಿದೀಯಲೇ? ಬಾಲೇ ನನ್ನ ಹುಡುಕ್ಕಂಡು ಬರತೈತಿ. ಮ್ಯಾಲಕ್ಕ ತಿಕ್ಕು, ಮ್ಯಾಲಕ್ಕ. ಅದು ಮೀನಖಂಡ."

ಇಂಥ ಉತ್ತರಗಳಿಂದ ಏನೂ ಸಿಗುತ್ತಿರಲಿಲ್ಲ. ಆದರೆ ಒಂದು ದಿನ ಕಂಡುಹಿಡಿದೇಬಿಟ್ಟೆ. ಆಟಕ್ಕೆ ಮುಂಚೆ ಅವನಿಗೆ ಒಂದು ಪೊಟ್ಟಣ ಮಂಡಕ್ಕಿ ಬೇಕಿತ್ತು. ಅದನ್ನು ತಿನ್ನುತ್ತ ಅಂಗಳದ ನಾಲ್ಕೂ ಮೂಲೆ ತಿರುಗುತ್ತಿದ್ದ. ಬಾಯಿಗೆ ಹಾಕಿಕೊಳ್ಳುವಾಗ ಒಂದಿಷ್ಟು ಕೆಳಗೆ ಚೆಲ್ಲುತ್ತಿತ್ತು. ಚೆಲ್ಲಿದ್ದನ್ನು ಗಾಳಿ ಎತ್ತಿಕೊಂಡು ಹೋಗುತ್ತಿತ್ತು. ಅವನು ಅದನ್ನೇ ನೋಡುತ್ತ ನಿಲ್ಲುತ್ತಿದ್ದ!

ಮಂಡಕ್ಕಿ ಹಾರಿದ ಕಡೆ ಗಾಳಿ, ಗಾಳಿ ಬೀಸಿದ ಕಡೆ ಬಾಲ್. ಎಲ್ಲರೂ ಹೊಟ್ಟೆಬಾಕತನ ಅಂದುಕೊಂಡದ್ದು ವಿಜ್ಞಾನ! ಬಿ.ಎ.ಯಲ್ಲಿ ಫೇಲಾದವನು ವಿಜ್ಞಾನದಲ್ಲಿ ಪಾಸಾದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಅದೇ ವಾರ ಮೆಣಸಿನಕಾಯಿ ಬಜ್ಜಿಯ ಅಂಗಡಿಯಲ್ಲಿ ಮೀಟಿಂಗ್ ಸೇರಿತು. ಶ್ರಾವಣದಲ್ಲಿ ಹಗರಿಬೊಮ್ಮನಹಳ್ಳಿಯಲ್ಲಿ ಟೂರ್ನಮೆಂಟ್ ಇತ್ತು. ದುರುಗಣ್ಣನನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನವಾಗಬೇಕಿತ್ತು.

"ಮನ್ಯಾಗ ಹೆಂಗಸರು ಬಾಗಲು ಹಾಕ್ಕಂತಾರಪ್ಪ," ಅಂದ ಒಬ್ಬ ಕೊಟ್ರೇಶ.

"ಅವನಿಲ್ದ ಒಂದಾದ್ರೂ ಗೆದ್ದೀವೇನು?" ಅಂದ ಕಾಕ. ಕಾಕನ ಇಡೀ ದಿನದ ಮಾತು ಅಲ್ಲಿಗೆ ಮುಗಿದಿತ್ತು.

ಸಿದ್ದೇಶಣ್ಣ ಗಲ್ಲಕ್ಕೆ ಕೈಕೊಟ್ಟು ಕೂತ. "ಮೊಣಕಾಲು ಹೋಗೈತಿ ಅವಂದು. ಇನ್ನೊಂದ್ ವರ್ಷ ಅಂತ ಇಟ್ಕಂಡ್ರ ಆಮ್ಯಾಲ ಇನ್ನೊಂದು ಅಂತಾನ. ಆದ್ರ ಅವನ ಜಾಗಕ್ಕ ಯಾರು?"

ಆಗ ನಾನು ಎದ್ದು ನಿಂತೆ. ಬಾಯಲ್ಲಿ ಬಿಸಿ ಬಜ್ಜಿಯಿತ್ತು. ಆದ್ದರಿಂದ ನನ್ನ ಜೀವನದ ಮೊದಲ ಭಾಷಣ ಕಣ್ಣೀರಿನೊಂದಿಗೆ ಶುರುವಾಯಿತು. ಮಂಡಕ್ಕಿಯ ಗುಟ್ಟನ್ನು ಬಿಚ್ಚಿಟ್ಟೆ. ಅಂಗಡಿಯವನ ಡಬ್ಬಿಯಿಂದ ಒಂದು ಹಿಡಿ ತೆಗೆದು ಬೀದಿಗೆ ಎಸೆದು ತೋರಿಸಿದೆ. ಮಂಡಕ್ಕಿ ಹಾರಿಹೋಗಿ ಒಂದು ಆಕಳ ಬೆನ್ನ ಮೇಲೆ ಕೂತಿತು. "ನೋಡ್ರಿ, ಆಕಳ ನಿಂತಲ್ಲಿ ನಿಂತ್ರ ಬಾಲ್ ಕೈಗೆ ಬರತೈತಿ! ನಮಗ ದುರುಗಣ್ಣ ಬ್ಯಾಡ, ಒಂದು ಪೊಟ್ಟಣ ಮಂಡಕ್ಕಿ ಸಾಕು!"

ಯಾರೂ ನಗಲಿಲ್ಲ. ಅದೇ ಕಷ್ಟವಾದದ್ದು. ಕೋಳಿ ಉಳಿಯುತ್ತದೆ ಅಂದರೆ ಮನುಷ್ಯ ಯಾವ ವಿಜ್ಞಾನವನ್ನಾದರೂ ನಂಬುತ್ತಾನೆ. ಸಿದ್ದೇಶಣ್ಣ ನನ್ನ ಹೆಗಲ ಮೇಲೆ ಕೈಯಿಟ್ಟು, "ಹಂಗಾರ ಅವನ ಜಾಗದಾಗ ನೀನ ನಿಂದ್ರು" ಅಂದ. ಏಳನೆಯವನು ಆರನೆಯವನಾದೆ. ಕಾಕ ಮಾತ್ರ ನನ್ನನ್ನು, ಅಳತೆಗೆ ಹೊಂದದ ಬಟ್ಟೆಯನ್ನು ನೋಡುವ ಹಾಗೆ ನೋಡಿದ.

ಇನ್ನು ದುರುಗಣ್ಣನಿಗೆ ಹೇಳುವವರು ಯಾರು? ಉಣ್ಣಲು ಹಾಕಿದ ಮನೆಯವರೇ ಬೇಡ ಅಂತ ಹೇಳಬಾರದು. ಕೊನೆಗೆ ಬಸ್ಸಿನ ಕಂಡಕ್ಟರ್ ಕೈಲಿ ಹೇಳಿಕಳಿಸಿದೆವು: ಈ ವಾರ ಮಳೆ, ಆಟ ಇಲ್ಲ. ಮುಂದಿನ ವಾರವೂ ಮಳೆ ಅಂದೆವು. ಆ ವರ್ಷ ಆಷಾಢದಲ್ಲಿ ಕೊಟ್ಟೂರಿಗೆ ಬಿದ್ದ ಮಳೆಯೆಲ್ಲ ಕಂಡಕ್ಟರನ ಬಾಯಲ್ಲೇ ಬಿತ್ತು. ಆ ವಾರದ ಕೊನೆಗೆ ಕಂಡಕ್ಟರನೇ ಉತ್ತರ ತಂದ: "ನಿಮ್ಮೂರು ಹಸಿರಾಗಿರ್ಬೇಕಲ್ಲ, ಒಳ್ಳೇದಾತು ಅಂದಾನ ದುರುಗಪ್ಪ."

ಶ್ರಾವಣ ಬಂತು. ಹಗರಿಬೊಮ್ಮನಹಳ್ಳಿಗೆ ಹೊರಟ ಬೆಳಿಗ್ಗೆ ಅವ್ವ ನನ್ನ ಕೈಗೆ ಒಂದು ಬುತ್ತಿಯ ಗಂಟು ಕೊಟ್ಟಳು. ರೊಟ್ಟಿ, ಜೊತೆಗೊಂದು ಡಬ್ಬಿ. ಡಬ್ಬಿಯಿಂದ ಕೋಳಿ ಸಾರಿನ ವಾಸನೆ.

"ಯವ್ವಾ, ಶ್ರಾವಣದಾಗ ನನಗ ಕೋಳಿ ಕೊಯ್ದಿಯಾ?" ನನ್ನ ಕಣ್ಣು ತುಂಬಿ ಬಂತು.

"ನಿನಗ್ಯಾಕಲೇ ಕೊಯ್ಲಿ? ಹರಪನಳ್ಳಿಯೋರು ಅವನ್ನ ಕರ್ಕಂಡಾರಂತ, ಕಂಡಕ್ಟರ್ ಸಂತ್ಯಾಗ ಹೇಳಿದ. ಪರಊರಾಗ ಅವನಿಗೆ ಯಾರು ಉಣ್ಣಾಕ ಹಾಕ್ತಾರ? ಅರ್ಧ ಕೋಳಿ ಅವನಿಗೆ ಕೊಡು, ಅರ್ಧ ಮನ್ಯಾಗ ಐತಿ."

ಕೋಳಿ ಕೊಯ್ಯುವುದಕ್ಕಿಂತ ಅವನನ್ನು ಬಿಟ್ಟದ್ದೇ ಅವಳಿಗೆ ಹೆಚ್ಚು ಕಿರಿಕಿರಿ ಮಾಡಿತ್ತು ಅನ್ನಿಸುತ್ತದೆ. ಕೇಳುವ ಧೈರ್ಯ ನನಗಾಗಲಿಲ್ಲ.

ಅವಳ ಮಾತು ನಿಜವಾಯಿತು. ನಮ್ಮ ಮೊದಲ ಆಟವೇ ಹರಪನಹಳ್ಳಿಯವರ ಮೇಲೆ. ನೆಟ್ಟಿನ ಆಚೆ, ಹಿಂದಿನ ಸಾಲಿನಲ್ಲಿ, ಹೊಟ್ಟೆ, ಬಿಳಿ ಬೂಟು. ನಮ್ಮ ಬೂಟು. ನನ್ನನ್ನು ಕಂಡು ಕೂಗಿದ: "ಏನಲೇ ಕೊಟ್ರಾ, ಮಳಿ ನಿಂತೈತಾ?"

ನಾನು ಕೇಳಿಸದವನಂತೆ ಮಂಡಕ್ಕಿಯ ಪೊಟ್ಟಣ ಬಿಚ್ಚಿದೆ. ಬಾಯಿಗೆ ಒಂದು ಹಿಡಿ, ನೆಲಕ್ಕೆ ಒಂದು ಹಿಡಿ. ಮಂಡಕ್ಕಿ ಪೂರ್ವಕ್ಕೆ ಹಾರಿತು. ಪೂರ್ವಕ್ಕೆ ಸರಿದು ನಿಂತೆ. ಅಷ್ಟರಲ್ಲಿ ಗಾಳಿ ತಿರುಗಿತು. ಅದೇ ಮಂಡಕ್ಕಿ ವಾಪಸು ಬಂದು ನನ್ನ ಕಣ್ಣಿಗೆ ಹೊಡೆಯಿತು, ಹಿಂದೆಯೇ ಬಂದ ಬಾಲ್ ಎದೆಗೆ ಹೊಡೆಯಿತು. ಬಾಯಲ್ಲಿದ್ದ ಮಂಡಕ್ಕಿಯೆಲ್ಲ ಸಿದ್ದೇಶಣ್ಣನ ಬೆನ್ನಿಗೆ ಅಂಟಿಕೊಂಡಿತು. ಸುತ್ತ ನಿಂತ ಜನ ಅಕ್ಷತೆ ಬಿದ್ದ ಮದುಮಗ ಅಂತ ಅವನನ್ನು ಕೂಗಿದರು.

ಅಲ್ಲಿಗೆ ವಿಜ್ಞಾನ ಮುಗಿಯಿತು. ಆದರೆ ನಿಜವಾದ ಹಾನಿ ಆಮೇಲೆ ಬಂತು. ಮುಂದಿನ ಬಾಲ್ ನನಗೂ ಕಾಕನಿಗೂ ಸರಿಯಾಗಿ ನಡುವೆ ಇಳಿಯಿತು. ನಾನು ಕೈಯೊಡ್ಡುವವನಿದ್ದೆ. ಆದರೆ ಕಾಕ ಪಕ್ಕದಲ್ಲಿದ್ದಾನೆ. ಕಾಕನ ಮುಂದೆ ಕೈಚಾಚುವುದೆಂದರೇನು?

"ತಗೋರಿ ಕಾಕಾ."

"ನೀ ತಗೋಲೇ!"

"ಇಲ್ರಿ, ನಿಮ್ಮ ಕಡಿ ಐತಿ."

ನಾವು ಮುಗಿಸುವಷ್ಟರಲ್ಲಿ ಬಾಲ್ ನೆಲದ ಮೇಲೆ ಎರಡು ಸಲ ಪುಟಿದು ಸುಮ್ಮನಾಗಿತ್ತು. ಮತ್ತೊಂದು ಬಾಲ್, ಮತ್ತೆ ಅದೇ ಉಪಚಾರ. ಮದುವೆ ಮನೆಯಲ್ಲಿ ಬೀಗರು ಬಾಗಿಲಲ್ಲಿ ನಿಂತು "ನೀವು ಮೊದಲು, ನೀವು ಮೊದಲು" ಅಂದಂತೆ. ಸಿದ್ದೇಶಣ್ಣ ತಲೆಕೆಟ್ಟು "ಕೊಟ್ರಾ, ತಗೋ!" ಅಂತ ಅರಚಿದ. ಮೂವರೂ ಕೊಟ್ರೇಶರು ಒಟ್ಟಿಗೆ ಓಡಿ ಒಬ್ಬರ ಹಣೆಗೆ ಒಬ್ಬರು ಹಣೆ ಕೊಟ್ಟೆವು. ಬಾಲ್ ಮೂವರ ನಡುವೆ ಹೂವಿನಂತೆ ಇಳಿಯಿತು. ಮೊದಲ ಗೇಮ್ ಹೋಯಿತು.

ಅಂಗಳ ಬದಲಿಸುವಾಗ ಸಿದ್ದೇಶಣ್ಣ ನನ್ನನ್ನು ಪಕ್ಕಕ್ಕೆ ಎಳೆದ. "ಲೇ, ಎಣ್ಣಿ ತಿಕ್ಕಿದವ ನೀನು. ಅವಂದು ಯಾವ ಮೊಣಕಾಲು ಕೆಟ್ಟೈತಿ?"

ಹೇಳಲೋ ಬೇಡವೋ ಅಂತ ಆಚೆ ನೋಡಿದೆ. ದುರುಗಣ್ಣ ಸೊಂಟಕ್ಕೆ ಕೈಕೊಟ್ಟು ನಮ್ಮನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ಗೊತ್ತಾಗಿತ್ತು. ಕಣ್ಣು ಹೊಡೆದು, ತಾನೇ ತನ್ನ ಎಡಮೊಣಕಾಲನ್ನು ಚಪ್ಪರಿಸಿ ತೋರಿಸಿದ.

"ಎಡದ್ದು," ಅಂದೆ. ಅವನೇ ಹೇಳಿದ ಮೇಲೆ ನಾನು ಮುಚ್ಚಿಡುವುದೇನು?

ಸಿದ್ದೇಶಣ್ಣ ಎಡಕ್ಕೇ ಸರ್ವಿಸ್ ಮಾಡಿದ. ಒಳ್ಳೆ ಬಾಲ್, ಕೆಟ್ಟ ಮೊಣಕಾಲಿನ ಹತ್ತಿರಕ್ಕೇ ಹೋಯಿತು. ದುರುಗಣ್ಣ ಅಲುಗಲೇ ಇಲ್ಲ. "ನಿಂದು!" ಅಂದ. ಪಕ್ಕದ ಹುಡುಗ ಜಿಗಿದು ತಗೊಂಡ. ಮುಂದಿನದಕ್ಕೆ "ಬಿಡು, ಹೊರಗ!" ಅಂದ. ಎಲ್ಲರೂ ಬಿಟ್ಟರು, ಹೊರಗೇ ಬಿತ್ತು. ಅದರ ಮುಂದಿನದಕ್ಕೆ "ನಂದು!" ಅಂದ. ಹರಪನಹಳ್ಳಿಯ ಯಾರ ಅಣ್ಣನೋ ಯಾರ ಮಾವನೋ ದಾರಿ ಬಿಟ್ಟು ಸರಿದ, ಅವನು ನಿಂತಲ್ಲೇ ಎತ್ತಿಕೊಟ್ಟ.

ನಾನು ಬಾಯಿ ತೆರೆದುಕೊಂಡು ನೋಡಿದೆ. ಇಷ್ಟು ದಿನ ನಾನು ಅವನ ಕೈ ನೋಡಿದ್ದೆ, ಕಾಲು ನೋಡಿದ್ದೆ, ಮಂಡಕ್ಕಿ ನೋಡಿದ್ದೆ. ಕಿವಿಗೊಟ್ಟು ಕೇಳಿರಲಿಲ್ಲ. ನಮ್ಮ ಟೀಮಿನಲ್ಲಿ ಕಾಕ ಇದ್ದ, ಅಣ್ಣ ಇದ್ದ, ಒಂದೇ ಹೆಸರಿನ ಮೂವರಿದ್ದರು. ಎಲ್ಲರಿಗೂ ಎಲ್ಲರ ಮುಲಾಜು. ಯಾರ ಮುಲಾಜೂ ಇಲ್ಲದೆ ನಂದು ಅನ್ನಬಲ್ಲವನು ಪರಊರಿನ ಅವನೊಬ್ಬನೇ ಇದ್ದ. ನಾವು ಅಷ್ಟೆಲ್ಲ ಕೋಳಿ ಕೊಟ್ಟು ಇಟ್ಟುಕೊಂಡಿದ್ದು ಆ ಬಾಯನ್ನು, ಬಿಟ್ಟಿದ್ದೂ ಅದನ್ನೇ.

ಎರಡನೇ ಗೇಮಿನಲ್ಲಿ ಮತ್ತೆ ಒಂದು ಬಾಲ್ ನನಗೂ ಕಾಕನಿಗೂ ನಡುವೆ ಬಂತು. ಕಾಕ ಆಗಲೇ ಕೈಯೊಡ್ಡಿ ನಿಂತಿದ್ದ. ಕಾಲೇಜಿನ ಫೀಸು ನೆನಪಾಯಿತು. ಅಂಗಿ ನೆನಪಾಯಿತು. ಕಣ್ಣುಮುಚ್ಚಿ ಅರಚಿದೆ:

"ನಂದು!"

ಕಣ್ಣುಮುಚ್ಚಿದ್ದರಿಂದ ಮೊಣಕೈ ಕಾಕನ ಹೊಟ್ಟೆಗೆ ಹೋಯಿತು, ಬಾಲ್ ನನ್ನ ಮೂಗಿಗೆ ಬಂತು. ಆದರೆ ಮೂಗಿನಿಂದ ನೆಟ್ಟಗೆ ಮೇಲಕ್ಕೆ ಎದ್ದಿತು. ಅಂಥ ಎತ್ತಿಕೊಟ್ಟ ಬಾಲ್ ಸಿದ್ದೇಶಣ್ಣ ಆ ದಿನ ಕಂಡೇ ಇರಲಿಲ್ಲ. ಹಾರಿ ಹೊಡೆದ. ನೆಟ್ಟಿನ ಆಚೆಯಿಂದ ದುರುಗಣ್ಣ ತನ್ನ ಟೀಮಿಗೆ ಪಾಯಿಂಟ್ ಹೋದದ್ದನ್ನು ಮರೆತು ಕೂಗಿದ: "ಈಗ ಬಂತು ನೋಡಲೇ ಬಾಯಿ!"

ಆಮೇಲೆ ನನ್ನನ್ನು ತಡೆಯುವವರಿಲ್ಲ. ನನ್ನದಲ್ಲದ ಬಾಲಿಗೂ ನಂದು, ಹೊರಗೆ ಹೋಗುವುದಕ್ಕೂ ನಂದು, ಪಕ್ಕದ ಅಂಗಳದಿಂದ ಬಂದದ್ದಕ್ಕೂ ನಂದು. ಎರಡನೇ ಗೇಮ್ ಗೆದ್ದೆವು. ಮೂರನೆಯದನ್ನು ಸೋತೆವು. ಕೊನೆಯ ಬಾಲಿಗೂ ನಂದು ಅಂದೆ. ನನ್ನದೇ ಆಗಿತ್ತು. ಕೈಗೆ ಬರಲಿಲ್ಲ, ಅಷ್ಟೇ.

ಆಟ ಮುಗಿದ ಮೇಲೆ ದುರುಗಣ್ಣ ಕುಂಟುತ್ತ ನಮ್ಮ ಕಡೆ ಬಂದು, ಏನೂ ಆಗದವನಂತೆ ಕೇಳಿದ: "ಇವತ್ತು ಯಾರ ಪಾಳಿ?"

ಬುತ್ತಿ ಬಿಚ್ಚಿದೆ. ಅವನು ಡಬ್ಬಿ ತೆರೆದು ಒಮ್ಮೆ ಮೂಸಿ, "ನಿಮ್ಮವ್ವಂದು" ಅಂದ. ಸಿದ್ದೇಶಣ್ಣ ನೆಲ ನೋಡುತ್ತ, "ಮುಂದಿನ ವರ್ಷ ಬಾ ದುರುಗಣ್ಣ, ತಪ್ಪಾತು" ಅಂದ.

"ಒಲ್ಲೆಪ್ಪ. ಈ ಮೊಣಕಾಲಿಗೆ ಇದ ಕಡೀ ವರ್ಷ. ಕೂಗಾಕ ಇವ ಅದಾನಲ್ಲ. ಮೂಗೂ ಗಟ್ಟಿ ಐತಿ."

ನನಗೆ ಒಂದು ಕುತೂಹಲ ಉಳಿದೇ ಇತ್ತು. ಊದಿದ ಮೂಗಿನಿಂದಲೇ ಕೇಳಿದೆ: "ಹಂಗಾರ ಆ ಮಂಡಕ್ಕಿ ಯಾಕ ಚೆಲ್ತಿದ್ದಿ ದುರುಗಣ್ಣ? ಗಾಳಿ ನೋಡಾಕಲ್ಲಾ?"

"ಎಂಥಾ ಗಾಳಿಯಲೇ? ಬೆಳಿಗ್ಗಿ ಬಸ್ ಹತ್ತಿದವ ನಾನು, ಹೊಟ್ಟಿ ಹಸೀತಿತ್ತು. ಚೆಲ್ಲಿದ್ದು ಹಾರಿಹೋದ್ರ ಸಂಕಟ ಆಗಿ ನೋಡ್ತಿದ್ನಿ, ಅಷ್ಟ."

ವಾಪಸು ಬರುವಾಗ ಬಸ್ಸಿನಲ್ಲಿ ಕಾಕ ನನ್ನ ಪಕ್ಕದಲ್ಲೇ ಕೂತ. ಹೊಟ್ಟೆ ಒತ್ತಿಹಿಡಿದುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದ. ಮುಂದಿನ ಫೀಸು ನನ್ನ ಮೂಗಿನಿಂದಲೇ ದುಡಿಯಬೇಕು ಅಂತ ನಾನು ಲೆಕ್ಕ ಹಾಕಿದೆ.

ಸಂಜೆ ಇಬ್ಬರೂ ಒಟ್ಟಿಗೆ ಉಣ್ಣಲು ಕೂತೆವು. ಅವ್ವ ಉಳಿದರ್ಧ ಕೋಳಿಯ ಸಾರಿನ ಪಾತ್ರೆ ತಂದು ನಡುವೆ ಇಟ್ಟಳು. ಮೇಲೆಯೇ ಕಾಲಿನ ತುಂಡು ಕಾಣುತ್ತಿತ್ತು. ಒಂದೇ ಕಾಲು. ಇನ್ನೊಂದು ಹಗರಿಬೊಮ್ಮನಹಳ್ಳಿಯಲ್ಲಿ ಖರ್ಚಾಗಿತ್ತು. ಎಂದಿನಂತೆ ಸೌಟು ತಾನಾಗಿ ಕಾಕನ ಕಡೆ ಹೊರಟಿತು. ಕಾಕ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದ. ನನ್ನ ಮೂಗನ್ನು ನೋಡಿದ. ಸಾರನ್ನು ನೋಡಿದ. ಅವ್ವ ಸೌಟು ಎತ್ತಿಹಿಡಿದು ನಿಂತೇ ಇದ್ದಳು.

"ನಂದು!" ಅಂದ ಕಾಕ.

ಆ ಮನೆಯಲ್ಲಿ ಅವನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಅಂದವನೇ ನಕ್ಕುಬಿಟ್ಟ. ನಕ್ಕರೆ ಹೊಟ್ಟೆ ನೋಯುತ್ತಿತ್ತು, ಆದ್ದರಿಂದ ಹೊಟ್ಟೆ ಹಿಡಿದುಕೊಂಡೇ ನಕ್ಕ. ನಾನು ತಾಟನ್ನು ಹಿಂದಕ್ಕೆಳೆದು ದಾರಿ ಬಿಟ್ಟೆ.